ಮಂಡಿಪೇಟೆ ಕಡೆಯ ಡಿಟಿಪಿ ಅಂಗಡಿ: ಟೈಪಿಂಗ್‌ಗೆ ಪೂರ್ತಿ ಅಂಕ, ಟೈಮಿಗೆ ಸೊನ್ನೆ

ದಾವಣಗೆರೆಯಲ್ಲಿ ಸಣ್ಣ ಪುಸ್ತಕ ಮಾಡಿಸುವವರಿಗೆ ಇದು. ಅಂಗಡಿ ಹೆಸರು ಹಾಕುತ್ತಿಲ್ಲ, ಬೈಯುವುದೂ ಸ್ವಲ್ಪ ಇದೆ.

ನಮ್ಮ ದೊಡ್ಡಪ್ಪ ರಿಟೈರ್ಡ್ ಹಿಸ್ಟರಿ ಮೇಷ್ಟ್ರು. ಎರಡನೇ ಮಹಾಯುದ್ಧದಲ್ಲಿ ಗ್ರೀಸ್ ಜರ್ಮನರ ಕೈಯಲ್ಲಿದ್ದಾಗ ಅಲ್ಲಿನ ಆರ್ಥೊಡಾಕ್ಸ್ ಕ್ರೈಸ್ತ ಬಿಷಪ್ಪರು ಏನು ಮಾಡಿದರು ಅಂತ ನೋಟ್‌ಬುಕ್ ತುಂಬ ಬರೆದಿದ್ದರು. ದಾವಣಗೆರೆ ಮೇಷ್ಟ್ರಿಗೆ ಗ್ರೀಸ್ ಯಾಕೆ ಅಂತ ಕೇಳಿದರೆ, "ಪಾಠದಲ್ಲಿ ಹಿಟ್ಲರ್ ಬರ್ತಾನೆ, ಇವರು ಬರಲ್ಲ" ಅಂದರು. 80 ತುಂಬಿತಲ್ಲ, 50 ಕಾಪಿ ಮಾಡಿಸೋಣ ಅಂತ ಮನೆಯವರೆಲ್ಲ ಸೇರಿ ಹೊರಟೆವು.

ಟೈಪಿಂಗ್ ಪುಟಕ್ಕೆ 40 ರೂಪಾಯಿ. ದೊಡ್ಡಪ್ಪನ ಅಕ್ಷರ ನೋಡಿದವರಿಗೆ ಇದು ಕಮ್ಮಿ ಅಂತಲೇ ಅನ್ನಿಸುತ್ತದೆ. ಅಲ್ಲಿ ಟೈಪ್ ಮಾಡುವ ಹುಡುಗಿ ಸುಮ್ನೆ ಬಡಿಯುವುದಿಲ್ಲ, ಓದುತ್ತಾಳೆ. ಅಥೆನ್ಸಿನ ಆರ್ಚ್‌ಬಿಷಪ್ ದಮಾಸ್ಕಿನೋಸ್ ಕಥೆ ಬಂದಾಗ ಕೆಲಸ ನಿಲ್ಲಿಸಿ ನನಗೆ ಫೋನ್ ಮಾಡಿದಳು. 1943ರ ಮಾರ್ಚ್‌ನಲ್ಲಿ ಗ್ರೀಸಿನ ಥೆಸಲೋನಿಕಿ ನಗರದ ಯಹೂದಿಗಳನ್ನು ಜರ್ಮನರು ರೈಲಿಗೆ ತುಂಬಿ ಔಶ್ವಿಟ್ಸ್ ಸಾವಿನ ಶಿಬಿರಕ್ಕೆ ಕಳಿಸಲು ಶುರು ಮಾಡಿದಾಗ ಗ್ರೀಸಿನ ಪ್ರಧಾನಿಗೇ ಪ್ರತಿಭಟನೆ ಪತ್ರ ಬರೆದವರು ಇವರು. ಗುಂಡಿಕ್ಕುತ್ತೇನೆ ಅಂತ ಜರ್ಮನ್ ಅಧಿಕಾರಿ ಹೆದರಿಸಿದ್ದಕ್ಕೆ, ನಮ್ಮಲ್ಲಿ ಬಿಷಪ್ಪರನ್ನು ಗುಂಡಿಟ್ಟು ಕೊಲ್ಲುವುದಿಲ್ಲ, ನೇಣಿಗೆ ಹಾಕುತ್ತಾರೆ, ಆ ಪದ್ಧತಿ ಕೆಡಿಸಬೇಡಿ ಅಂದರಂತೆ. "ಅಕ್ಕಾ, ಇದು ತಮಾಷೆನಾ, ನಿಜಾನಾ?" ಅವಳ ಪ್ರಶ್ನೆ. 1821ರಲ್ಲಿ ತುರ್ಕರು ಕಾನ್‌ಸ್ಟಾಂಟಿನೋಪಲ್‌ನಲ್ಲಿ ಪೇಟ್ರಿಯಾರ್ಕ್, ಅಂದರೆ ಆರ್ಥೊಡಾಕ್ಸ್ ಚರ್ಚಿನ ಹಿರಿಯ ಗುರು, ಐದನೇ ಗ್ರೆಗರಿಯವರನ್ನು ಅವರದೇ ಬಾಗಿಲಲ್ಲಿ ನೇಣಿಗೆ ಹಾಕಿದ್ದ ವಿಷಯ ದೊಡ್ಡಪ್ಪ ಫೋನಲ್ಲೇ ಅರ್ಧ ಗಂಟೆ ಹೇಳಿದರು, ಅವಳು ಕೇಳಿಸಿಕೊಂಡಳು, ಆಮೇಲೆ ಅದೂ ಒಂದು ಪ್ಯಾರಾ ಆಗಿ ಪುಸ್ತಕ ಸೇರಿತು.

ಈಗ ಬೈಗುಳ. 'ನುಡಿ' ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡಿದ್ದನ್ನು ಯೂನಿಕೋಡ್ ಅಕ್ಷರಕ್ಕೆ ಬದಲಿಸುವಾಗ ಒತ್ತಕ್ಷರ ಎಲ್ಲಾ ಎದ್ದು ಓಡಿದ್ದವು. 'ಕ್ರಿಸೋಸ್ತೊಮೋಸ್' ಅನ್ನುವ ಹೆಸರು ಆರು ಕಡೆ ಆರು ಥರ. ಮೂರು ಸಲ ಪ್ರೂಫ್ ನೋಡಿದೆ. ವಾರದಲ್ಲಿ ಕೊಡ್ತೀವಿ ಅಂದವರು ಹತ್ತೊಂಬತ್ತನೇ ದಿನ ಕೊಟ್ಟರು, ಹುಟ್ಟುಹಬ್ಬ ಅಷ್ಟರಲ್ಲಿ ಮುಗಿದಿತ್ತು, ಯಜಮಾನರು ಲ್ಯಾಮಿನೇಷನ್ ಮಷಿನ್ ಮೇಲೆ ತಪ್ಪು ಹಾಕಿ ಚಹಾ ತರಿಸಿದರು. ಹಾಗಾಗಿ ತಾರೀಖು ಗಟ್ಟಿ ಇರುವ ಕೆಲಸ, ಮದುವೆ ಕಾರ್ಡು ಅಂಥದ್ದು, ಅಲ್ಲಿ ಕೊಡಬೇಡಿ. ಬೈಂಡಿಂಗ್ ಪರವಾಗಿಲ್ಲ.

ಆ ಕ್ರಿಸೋಸ್ತೊಮೋಸ್ ಜಾಕಿಂತೋಸ್ ದ್ವೀಪದ ಬಿಷಪ್. ಅಲ್ಲಿವರೆಗೆ ದ್ವೀಪ ಹಿಡಿದಿದ್ದ ಇಟಲಿ 1943ರ ಸೆಪ್ಟೆಂಬರ್‌ನಲ್ಲಿ ಶರಣಾದ ಮೇಲೆ ಜರ್ಮನರು ದ್ವೀಪ ಹಿಡಿದು, ಇಲ್ಲಿರುವ ಯಹೂದಿಗಳ ಪಟ್ಟಿ ಕೊಡಿ ಅಂತ ಮೇಯರ್ ಲುಕಾಸ್ ಕರ್ರೇರ್ ಅವರಿಗೆ ಹೇಳಿದರು. ಅವರೂ ಬಿಷಪ್ಪರೂ ಸೇರಿ ಕೊಟ್ಟ ಪಟ್ಟಿಯಲ್ಲಿ ಇದ್ದದ್ದು ಅವರಿಬ್ಬರದೇ ಹೆಸರು. ಇದ್ದ 275 ಜನರನ್ನು ಊರವರು ಬೆಟ್ಟದ ಹಳ್ಳಿಗಳಲ್ಲಿ ಅಡಗಿಸಿಟ್ಟರು. 275 ಜನವೂ ಉಳಿದರು. ಥೆಸಲೋನಿಕಿಯಿಂದ ಹೋದದ್ದು 40 ಸಾವಿರಕ್ಕೂ ಜಾಸ್ತಿ ಜನ ಅನ್ನುವುದನ್ನು ಪಕ್ಕದಲ್ಲಿಟ್ಟು ಓದಬೇಕು ಇದನ್ನು.

ದೊಡ್ಡಪ್ಪ ಆ ಪಟ್ಟಿಯನ್ನು ಪಟ್ಟಿಯ ಥರವೇ ಬರೆದಿದ್ದರು: 1, 2 ಅಂತ ನಂಬರ್ ಹಾಕಿ ಎರಡು ಹೆಸರು. ಎರಡನೇ ಪ್ರೂಫ್‌ನಲ್ಲಿ ಅದರ ಪಕ್ಕ ಪೆನ್ಸಿಲಲ್ಲಿ ಹುಡುಗಿಯ ಬರಹ: "275 ಬರಬೇಕಲ್ವಾ ಸರ್? ಎರಡೇ ಇದೆ. ಉಳಿದ ಹಾಳೆ ಕೊಡಿ." ದೊಡ್ಡಪ್ಪ ಅದನ್ನು ನೋಡಿ ಎಷ್ಟು ಖುಷಿಪಟ್ಟರು ಅಂದರೆ, ಎರಡು ಹೆಸರಿನ ಕೆಳಗೆ ಇಡೀ ಪುಟ ಖಾಲಿ ಬಿಡಿಸಿದರು.

ಬಿಲ್ಲಲ್ಲಿ ಆ ಪುಟಕ್ಕೂ 40 ರೂಪಾಯಿ ಹಾಕಿದ್ದಾರೆ.