ಮುಷ್ಕರದ ವಾರ ಕೊಂಡ ಲೇಡೀಸ್ ಸೈಕಲ್: ನಾಲ್ಕು ವರ್ಷ ಓಡಿಸಿದ ಮೇಲೆ

ಮೊದಲು ಚೈನ್ ಕವರ್ ವಿಚಾರ ಹೇಳಿಬಿಡುತ್ತೇನೆ, ಉಳಿದದ್ದು ಆಮೇಲೆ. ಮೇಲ್ಭಾಗದಲ್ಲಿ ಅಂದವಾದ ಹೂವಿನ ಚಿತ್ರ. ಕೆಳಗೆ, ಹಿಂದೆ ಬಟಾಬಯಲು. ಜೀನ್ಸ್ ಹಾಕುವವರಿಗೆ ಇದರಿಂದ ತೊಂದರೆ ಆಗಲಿಕ್ಕಿಲ್ಲ. ನಾನು ಚೂಡಿದಾರದವಳು. ನನ್ನ ಪ್ಯಾಂಟುಗಳಲ್ಲಿ ಬಲಗಾಲಿನ ಅಂಚಿಗೆ ಗ್ರೀಸ್ ಮೆತ್ತದೆ ಉಳಿದದ್ದು ಯಾವುದೂ ಇಲ್ಲ. ನಿಂಬೆಹಣ್ಣು, ಸೀಮೆಎಣ್ಣೆ, ಬಟ್ಟೆ ಸೋಪು ಎಲ್ಲವೂ ಆಯಿತು. ಲೇಡೀಸ್ ಸೈಕಲ್ ಎಂದು ಮಾರುವವರು ಹೆಂಗಸರು ಏನು ಉಡುತ್ತಾರೆ ಎಂದು ಒಮ್ಮೆ ಬೀದಿಗೆ ಬಂದು ನೋಡಬಾರದೇ?

ಕೊಂಡದ್ದು 2021ರ ಏಪ್ರಿಲ್‌ನಲ್ಲಿ. ಆರನೇ ವೇತನ ಆಯೋಗದಂತೆ ಸಂಬಳ ಕೊಡಿ ಎಂದು ಸಾರಿಗೆ ನೌಕರರು 7ರಿಂದ ಮುಷ್ಕರ ಹೂಡಿದರು. ಸರ್ಕಾರ ಶೇ 8ರಷ್ಟು ಹೆಚ್ಚಳಕ್ಕಿಂತ ಮುಂದೆ ಹೋಗಲಿಲ್ಲ, ಅವರು ಒಪ್ಪಲಿಲ್ಲ. 13ಕ್ಕೆ ಯುಗಾದಿ. ನಾನು ಲೆಕ್ಕ ಬರೆಯುವುದು ಮೈಸೂರಿನ ಸಯ್ಯಾಜಿರಾವ್ ರಸ್ತೆಯ ಬಳಿಯ ಬಟ್ಟೆ ಅಂಗಡಿಯಲ್ಲಿ. ಯುಗಾದಿಯ ಹಿಂದಿನ ವಾರ ಅಲ್ಲಿ ರಜೆ ಎಂಬ ಮಾತೇ ಇಲ್ಲ. ಬಸ್ ನಿಲ್ದಾಣಗಳೊಳಕ್ಕೆ ಖಾಸಗಿ ವಾಹನ ಬಿಟ್ಟರೇನೋ ನಿಜ. ಅವು ದೂರದ ಊರುಗಳ ಹೆಸರನ್ನು ಕೂಗುತ್ತಿದ್ದವೇ ಹೊರತು ಕುವೆಂಪುನಗರಕ್ಕೆ ಬರುವವರಿರಲಿಲ್ಲ. ಆಟೋದವರು ಕೇಳಿದ ದುಡ್ಡು ನನ್ನ ದಿನಗೂಲಿಯ ಲೆಕ್ಕಕ್ಕೆ ಹೊಂದುತ್ತಿರಲಿಲ್ಲ. ಕೊನೆಗೆ ಚೀಟಿ ಹಣದಲ್ಲಿ ಐದೂವರೆ ಸಾವಿರ ತೆಗೆದು, ಗೇರಿಲ್ಲದ, ಮುಂದೆ ಬುಟ್ಟಿಯಿರುವ ಈ ಸೈಕಲ್ ತಂದೆ.

21ಕ್ಕೆ ಮುಷ್ಕರ ಮುಗಿಯಿತು. ತಿಂಗಳ ಕೊನೆಗೆ ಕೊರೊನಾ ಕರ್ಫ್ಯೂ ಬಂದು ಅಂಗಡಿಯೇ ಮುಚ್ಚಿತು. ಹೊಸ ಸೈಕಲ್ ಮೆಟ್ಟಿಲ ಕೆಳಗೆ ಧೂಳು ಹಿಡಿಯುತ್ತಾ ನಿಂತಾಗ ಹೊಟ್ಟೆ ಉರಿದದ್ದು ಅಷ್ಟಿಷ್ಟಲ್ಲ. ಆ ದಿನಗಳಲ್ಲಿ ಬರೆದಿದ್ದರೆ ಈ ವಿಮರ್ಶೆ ಚೈನ್ ಕವರಿಗೇ ಮುಗಿಯುತ್ತಿತ್ತು.

ಈಗ ಹಾಗಿಲ್ಲ. ಭಾನುವಾರ ಬೆಳಿಗ್ಗೆ ಕಾಫಿ ಆದ ಮೇಲೆ ಸೈಕಲ್ಲನ್ನು ಅಂಗಳಕ್ಕೆ ತಂದು, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಚೈನಿನ ಕೊಳೆ ಕೆರೆಯುತ್ತೇನೆ. ಅಮ್ಮನ ಹೊಲಿಗೆ ಯಂತ್ರದ ಎಣ್ಣೆಯನ್ನು ಕೊಂಡಿಗೊಂದು ಹನಿಯಂತೆ ಬಿಟ್ಟು, ಪೆಡಲನ್ನು ಹಿಂದಕ್ಕೆ ತಿರುಗಿಸುತ್ತಾ ಕೂರುತ್ತೇನೆ. ಕಿರ್ ಎನ್ನುವುದು ನಿಂತು ಬರೀ ಸರಸರ ಸದ್ದು ಉಳಿಯುವವರೆಗೆ ಬಿಡುವುದಿಲ್ಲ. ಬುಟ್ಟಿ ರಸ್ತೆಯುಬ್ಬಿಗೊಮ್ಮೆ ಗಡಗಡ ಎನ್ನುತ್ತಿತ್ತು. ಅಂಗಡಿಯಲ್ಲಿ ಉಳಿದ ಬ್ಲೌಸ್ ಪೀಸಿನ ತುಂಡುಗಳನ್ನು ಟಿಫಿನ್ ಡಬ್ಬಿಯ ಸುತ್ತ ತುರುಕಿದ ಮೇಲೆ ತೆಪ್ಪಗಾಯಿತು. ಬಲ್ಲಾಳ್ ವೃತ್ತ ದಾಟಿ ರಾಮಸ್ವಾಮಿ ವೃತ್ತದ ಸಿಗ್ನಲ್‌ನಲ್ಲಿ ಕಾಲೂರಿ ನಿಂತಾಗ ಪಕ್ಕದ ಬಸ್ಸಿನ ಕಿಟಕಿಯಿಂದ ಪರಿಚಯದವರು ಕೈಯಾಡಿಸುತ್ತಾರೆ. ಅಂಗಡಿಯ ಬೀಗ ತೆಗೆಯುವ ಮುಂಚೆ ದೇವರಾಜ ಮಾರುಕಟ್ಟೆಯಲ್ಲಿ ಒಂದು ಮೊಳ ಮಲ್ಲಿಗೆ ಕೊಳ್ಳುವಷ್ಟು ಹೊತ್ತು ಈಗ ನನಗೆ ಸಿಗುತ್ತದೆ. ಬಸ್ಸಿನ ದಿನಗಳಲ್ಲಿ ಓಡೋಡಿ ಒಳಗೆ ಹೋಗುವುದೇ ಆಗಿತ್ತು.

ದುಡ್ಡಿನ ಲೆಕ್ಕ ಮಾತ್ರ 2023ರ ಜೂನ್ 11ಕ್ಕೇ ತಲೆಕೆಳಗಾಗಿದೆ. ಶಕ್ತಿ ಯೋಜನೆ ಬಂದು ನಮಗೆಲ್ಲ ಬಸ್ ಪ್ರಯಾಣ ಉಚಿತವಾಯಿತು. ಟ್ಯೂಬು, ಬ್ರೇಕಿನ ರಬ್ಬರು ಎಂದು ಸೈಕಲ್ಲಿಗೆ ವರ್ಷವಿಡೀ ಸಣ್ಣಪುಟ್ಟ ಖರ್ಚು ಇದ್ದೇ ಇದೆ. ಉಳಿತಾಯಕ್ಕಾಗಿ ಕೊಳ್ಳುವ ಹೆಂಗಸರು ಕೊಳ್ಳಬೇಡಿ. ಜೋರು ಮಳೆಯಲ್ಲಿ ನಾನೂ ಬಸ್ಸನ್ನೇ ಹಿಡಿಯುತ್ತೇನೆ, ಹಿಡಿದು ನಿಲ್ಲಲು ಕಂಬಿ ಸಿಕ್ಕರೆ ಪುಣ್ಯ.

2025ರ ಆಗಸ್ಟ್ 5ರಂದು ಮತ್ತೆ ಮುಷ್ಕರ: 38 ತಿಂಗಳ ಹಿಂಬಾಕಿ ಕೊಡಿ, ವೇತನ ಪರಿಷ್ಕರಿಸಿ ಎಂದು. ಹೈಕೋರ್ಟ್ ಮಧ್ಯೆ ಬಂದದ್ದರಿಂದ ಒಂದೇ ದಿನಕ್ಕೆ ನಿಂತಿತು. ದುಡಿದ ದುಡ್ಡಿಗೆ ಮೂರು ವರ್ಷ ಕಾಯುವ ಕಂಡಕ್ಟರನನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ನನ್ನ ಅಂಗಡಿಯಲ್ಲಿ ಒಂದು ತಿಂಗಳು ತಡವಾದರೇ ನಾನು ಸುಮ್ಮನಿರುವವಳಲ್ಲ. ಅಂದು ಬೆಳಿಗ್ಗೆ ನಮ್ಮ ಬೀದಿಯಲ್ಲಿ ಸೈಕಲ್ ಎರವಲು ಕೇಳಲು ಮೂವರು ಬಂದಿದ್ದರು. ಕೊಡಲಿಲ್ಲ. ಪಕ್ಕದ ಮನೆಯ ಹುಡುಗಿಯನ್ನು ಮಾತ್ರ ಕ್ಯಾರಿಯರ್ ಮೇಲೆ ಕೂರಿಸಿಕೊಂಡೆ. ಇಳಿಯುವಾಗ ಅವಳ ದುಪಟ್ಟಾದ ತುದಿಯೂ ಕಪ್ಪಾಗಿತ್ತು.

ಪೂರ್ತಿ ಮುಚ್ಚುವ ಚೈನ್ ಕೇಸ್ ಹಾಕಿಕೊಡಲು ಅಗ್ರಹಾರದ ಮೆಕ್ಯಾನಿಕ್ ಆರು ನೂರು ಕೇಳಿದ್ದಾರೆ. ಹೂವಿನ ಚಿತ್ರ ಹೋಗುತ್ತದೆ ಎಂದರು. ಹೋಗಲಿ ಎಂದೆ.