ಟಿಡಿಎಸ್ 84 ಅಂತ ತೋರಿಸಿ ಹಸಿರು ನೀರಿಗೆ ಇಳಿಸಿದರು. ಪುಣೆಯ ಕನ್ನಡದವರು ದಯವಿಟ್ಟು ಓದಿ

ಪುಣೆಯಲ್ಲಿರುವ ನಮ್ಮವರು, ಅದರಲ್ಲೂ ರಜೆಯಲ್ಲಿ ಮಕ್ಕಳನ್ನು ಈಜಲು ಕಳಿಸುವವರು, ಇದನ್ನು ಪೂರ್ತಿ ಓದಿ. ಬರೆಯಬೇಕೋ ಬೇಡವೋ ಅಂತ ಹತ್ತು ದಿನ ಒದ್ದಾಡಿದೆ. ನಾಚಿಕೆ ಆಗುತ್ತದೆ. ನೀರು ಕಣ್ಣೆದುರಿಗೇ ಹಸಿರಾಗಿತ್ತು. ಆದರೂ ಇಳಿದೆ. ಹನ್ನೊಂದು ವರ್ಷದ ಮಗನನ್ನೂ ಇಳಿಸಿದೆ. ಅವನು ಎರಡು ರಾತ್ರಿ ವಾಂತಿ ಮಾಡಿಕೊಂಡ. ಅದಕ್ಕೇ ಬರೆಯುತ್ತಿದ್ದೇನೆ.

ನನಗೆ ಈಜು ಹೊಸದಲ್ಲ. ಊರಿನ ಬಾವಿಯಲ್ಲಿ ಸೊಂಟಕ್ಕೆ ಒಣ ಸೋರೆಬುರುಡೆ ಕಟ್ಟಿಕೊಂಡು ಕಲಿತವಳು. ಇಲ್ಲಿ ನಾಲ್ಕು ವರ್ಷದಿಂದ ಸೊಸೈಟಿಯ ಪೂಲಿನಲ್ಲಿ ಈಜುತ್ತೇನೆ. ಡಿಸೆಂಬರಿನಲ್ಲಿ ಮಾಲ್ವಣದ ಸಮುದ್ರದ ಈಜು ಸ್ಪರ್ಧೆಗೆ ಹೋಗಬೇಕು ಅಂತ ಆಸೆ ಇತ್ತು. ಪೂಲಿನಲ್ಲಿ ಎಷ್ಟು ಈಜಿದರೂ ತೆರೆದ ನೀರಿನ ಅಭ್ಯಾಸ ಬೇರೆ. ಗೆರೆ ಇಲ್ಲ, ಗೋಡೆ ಇಲ್ಲ, ಕೆಳಗೆ ಏನೂ ಕಾಣುವುದಿಲ್ಲ. ಅದನ್ನು ಕಲಿಸುವವರು ಯಾರಾದರೂ ಇದ್ದಾರಾ ಅಂತ ಹುಡುಕುತ್ತಿದ್ದೆ.

ಸೊಸೈಟಿಯ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಒಬ್ಬರು ಇವರ ನಂಬರ್ ಹಾಕಿದರು. ಹುಬ್ಬಳ್ಳಿ ಕಡೆಯವರು, ಪುಣೆಯಲ್ಲಿ ಕೋಚಿಂಗ್ ಮಾಡುತ್ತಾರೆ, ಪ್ರತಿ ಭಾನುವಾರ ಡ್ಯಾಮಿನ ಹಿನ್ನೀರಿಗೆ ಬ್ಯಾಚ್ ಕರೆದುಕೊಂಡು ಹೋಗುತ್ತಾರೆ. ಹೆಸರು ಹಾಕುವುದಿಲ್ಲ. ಫೋನ್ ಮಾಡಿದರೆ ಮೊದಲ ಮಾತೇ "ಯಾವೂರ್ರಿ ಅಕ್ಕಾರ ನಿಮ್ದು?" ಅಂತ. ಧಾರವಾಡ ಅಂದೆ. ಅಷ್ಟೇ. ಆಮೇಲೆ ನಾನು ಕೇಳಬೇಕಾದ್ದು ಯಾವುದನ್ನೂ ಸರಿಯಾಗಿ ಕೇಳಲಿಲ್ಲ. ಮರಾಠಿ ಊರಿನಲ್ಲಿ ನಮ್ಮ ಮಾತು ಕಿವಿಗೆ ಬಿದ್ದರೆ ಮನಸ್ಸು ಹೇಗೆ ಸಡಿಲ ಆಗುತ್ತದೆ ಅಂತ ನಿಮಗೂ ಗೊತ್ತಲ್ವಾ. ನನಗೆ 1,800 ರೂಪಾಯಿ, ಮಗನಿಗೆ 1,200. ತೇಲುವ ಕಿತ್ತಳೆ ಬಣ್ಣದ ಫ್ಲೋಟ್, ಚಹಾ, ಪೋಹೆ ಎಲ್ಲ ಸೇರಿ. ದುಡ್ಡು ಮೊದಲೇ ಫೋನಿನಲ್ಲಿ ಕಳಿಸಿದೆ.

ಮೇ ತಿಂಗಳ ಭಾನುವಾರ, ಬೆಳಗ್ಗೆ ಐದಕ್ಕೆ ಚಾಂದನಿ ಚೌಕದಲ್ಲಿ ಸೇರಿದೆವು. ಒಟ್ಟು ಹದಿನೈದು ಜನ. ಯಾವ ಡ್ಯಾಮ್ ಅಂತ ಬರೆಯುವುದಿಲ್ಲ. ತಪ್ಪು ನೀರಿನದಲ್ಲ. ಅದೇ ನೀರು ಬೇರೆ ತಿಂಗಳಲ್ಲಿ ಚೆನ್ನಾಗಿರಬಹುದು. ಕಾರು ನಿಲ್ಲಿಸಿದ ಜಾಗದಲ್ಲಿ ಒಂದು ಬೋರ್ಡ್ ಇತ್ತು. ನೀರಿಗಿಳಿಯಬಾರದು, ಈಜಬಾರದು ಅಂತ ಮರಾಠಿಯಲ್ಲಿ ದೊಡ್ಡದಾಗಿ ಬರೆದಿತ್ತು. ನಾನು ಓದಿದೆ. ಕೇಳಿದೆ ಕೂಡ. "ಅದು ಕುಡಿದು ಬರೋ ಹುಡುಗರಿಗೆ ರೀ, ನಮಗಲ್ಲ" ಅಂದರು. ಯಾರದೋ ಹೊಲದ ಬದುವಿನ ಮೇಲೆ ನಡೆಸಿಕೊಂಡು ದಂಡೆಗೆ ಇಳಿಸಿದರು.

ನೀರು ಬಹಳ ಕೆಳಗೆ ಹೋಗಿತ್ತು. ಒಣಗಿ ಬಿರಿದ ಮಣ್ಣು ದಾಟಿ ಹೋಗಬೇಕು. ದೂರಕ್ಕೆ ನೋಡಿದರೆ ನೀಲಿ, ಚೆಂದ. ನಮ್ಮ ದಂಡೆಯ ಹತ್ತಿರ ಮಾತ್ರ ಬೇರೆ. ಮೆಹಂದಿ ಪುಡಿಯನ್ನು ನೀರಿನ ಮೇಲೆ ಉದುರಿಸಿದ ಹಾಗೆ ಸಣ್ಣ ಸಣ್ಣ ಹಸಿರು ಕಣಗಳು. ಕೆಲವು ಕಡೆ ಅವೇ ದಪ್ಪಗೆ ಕೂಡಿಕೊಂಡು, ಯಾರೋ ಹಸಿರು ಡಿಸ್ಟೆಂಪರ್ ಡಬ್ಬಿ ಚೆಲ್ಲಿದ ಹಾಗೆ ಆಗಿತ್ತು. ಹುಲ್ಲು ಕೊಳೆತ ವಾಸನೆ. ಪುಣೆಯವರಿಗೆ ಜಲಪರ್ಣಿ ಗೊತ್ತು, ಮುಳಾ ನದಿಯಲ್ಲಿ, ಪಾಷಾಣ್ ಕೆರೆಯಲ್ಲಿ ಎಲ್ಲ ನೋಡಿರುತ್ತೇವೆ. ಅದು ಗಿಡ, ಎಲೆ ಕಾಣುತ್ತದೆ. ಇದು ಅದಲ್ಲ. ಇದಕ್ಕೆ ಎಲೆಯೂ ಇಲ್ಲ, ಬೇರೂ ಇಲ್ಲ. ನೀರೇ ಬಣ್ಣ ತಿರುಗಿದ ಹಾಗೆ.

ನಾನು ನಿಂತುಬಿಟ್ಟೆ. "ಇದೇನು ಸರ್, ಇಷ್ಟು ಹಸಿರು?"

"ಸಾದಾ ಹಾವಸಿ ರೀ ಅಕ್ಕಾರ. ಬ್ಯಾಸಗ್ಯಾಗ ಎಲ್ಲಾ ಕಡೆ ಬರ್ತೈತಿ. ನಾವು ಸಣ್ಣವರಿದ್ದಾಗ ಇಂಥಾ ನೀರಾಗ ಈಜಿಲ್ಲೇನ್ರಿ?"

ನಾನು ಇನ್ನೂ ನಿಂತೇ ಇದ್ದೆ. ಆಗ ಅವರು ಚೀಲದಿಂದ ಒಂದು ಪೆನ್ನಿನಂಥದ್ದು ತೆಗೆದರು. ಟಿಡಿಎಸ್ ಮೀಟರ್. ಮನೆಗೆ ಆರ್‌ಒ ಫಿಲ್ಟರ್ ಹಾಕುವವರು ತರುತ್ತಾರಲ್ಲ, ಅದೇ. ನೀರಿನಲ್ಲಿ ಅದ್ದಿ ನನ್ನ ಮುಖದ ಮುಂದೆ ಹಿಡಿದರು. 84.

"ನೋಡ್ರಿ, ನಿಮ್ಮ ಮನ್ಯಾಗಿನ ನಳದ ನೀರಕಿಂತ ಚೊಲೋ ಐತಿ. ಇನ್ನೇನ್ ಬೇಕ್ರಿ?"

ಹದಿನೈದು ಜನ ನಕ್ಕರು. ನಾನೂ ನಕ್ಕು ಟೋಪಿ ಹಾಕಿಕೊಂಡೆ. ಇದೇ ಕ್ಷಣ. ಹತ್ತು ದಿನದಿಂದ ರಾತ್ರಿ ಮಲಗಿದರೆ ಆ 84 ಕಣ್ಣಮುಂದೆ ಬರುತ್ತದೆ. ಟಿಡಿಎಸ್ ಮೀಟರ್ ನೀರಿನಲ್ಲಿ ಕರೆಂಟ್ ಎಷ್ಟು ಹರಿಯುತ್ತದೆ ಅಂತ ನೋಡಿ, ಕರಗಿದ ಉಪ್ಪು ಎಷ್ಟಿದೆ ಅಂತ ಹೇಳುತ್ತದೆ. ಅಷ್ಟೇ ಅದರ ಕೆಲಸ. ಪಾಚಿ ಅದಕ್ಕೆ ಗೊತ್ತಾಗುವುದಿಲ್ಲ. ಬ್ಯಾಕ್ಟೀರಿಯಾ ಗೊತ್ತಾಗುವುದಿಲ್ಲ. ವಿಷ ಗೊತ್ತಾಗುವುದಿಲ್ಲ. ಇದು ನನಗೆ ಗೊತ್ತಿರಬೇಕಿತ್ತು. ಮನೆಯಲ್ಲಿ ಆರ್‌ಒ ಇದೆ, ಅದರ ಪುಸ್ತಕ ಓದಿದ್ದೇನೆ. ಆದರೂ ಒಂದು ನಂಬರ್ ತೋರಿಸಿದ ತಕ್ಷಣ ಬಾಯಿ ಮುಚ್ಚಿಕೊಂಡೆ.

ಒಂದು ಕಿಲೋಮೀಟರ್ ಈಜಿದೆವು. ಮಕ್ಕಳನ್ನು ದಂಡೆಯ ಹತ್ತಿರವೇ, ಅಂದರೆ ಹಸಿರು ಜಾಸ್ತಿ ಇದ್ದಲ್ಲೇ ಬಿಟ್ಟಿದ್ದರು. ಮಕ್ಕಳು ಗೊತ್ತಲ್ಲ, ಮುಳುಗುತ್ತಾರೆ, ಒಬ್ಬರ ಮೇಲೊಬ್ಬರು ನೀರು ಎರಚುತ್ತಾರೆ, ಕುಡಿಯುತ್ತಾರೆ. ನಾನು ಮೇಲೆ ಬಂದಾಗ ಕಿತ್ತಳೆ ಫ್ಲೋಟಿನ ಸುತ್ತ ಹಸಿರು ಪಟ್ಟಿ ಕಟ್ಟಿತ್ತು. ಬೆರಳಿನಿಂದ ಉಜ್ಜಿದರೆ ಎಣ್ಣೆ ಬಣ್ಣದ ಹಾಗೆ ಬೆರಳಿಗೆ ಹತ್ತಿತು. ಬಿಳಿ ಟವೆಲಿನಲ್ಲಿ ಮಗನ ತಲೆ ಒರೆಸಿದೆ. ಅರ್ಧ ಗಂಟೆ ಬಿಸಿಲಿಗೆ ಬಿದ್ದ ಮೇಲೆ ಆ ಹಸಿರು ಕಲೆ ಅಂಚಿನಲ್ಲಿ ನೀಲಿಗೆ ತಿರುಗಿತ್ತು. ಬಟ್ಟೆಗೆ ಹಾಕುವ ನೀಲಿ ಚೆಲ್ಲಿದ ಹಾಗೆ. ಸಾದಾ ಹಾವಸೆ ನೀಲಿ ಬಿಡುವುದನ್ನು ನಾನು ಯಾವತ್ತೂ ನೋಡಿರಲಿಲ್ಲ.

ಚಹಾದ ಅಂಗಡಿ ನಡೆಸುವ ಹೆಂಗಸು ನಮ್ಮ ಒದ್ದೆ ತಲೆ ನೋಡಿ ಕೇಳಿದಳು, ಅಲ್ಲಿ ಇಳಿದಿದ್ದಿರಾ ಅಂತ. ಹೂಂ ಅಂದೆ. "ಆಮ್ಹೀ ಮ್ಹಶೀಂನಾ ಪಣ ತೇ ಪಾಣೀ ಪಾಜತ್ ನಾಹೀ" ಅಂದಳು. ನಾವು ಎಮ್ಮೆಗೂ ಆ ನೀರು ಕುಡಿಸುವುದಿಲ್ಲ ಅಂತ. ನಾನು ಮತ್ತೇನೋ ಕೇಳುವಷ್ಟರಲ್ಲಿ ಕೋಚ್ ನಡುವೆ ಬಂದು "ಮಾವಶೀ, ಆಧೀ ಚಹಾ ದ್ಯಾ" ಅಂತ ಮಾತು ಕತ್ತರಿಸಿದರು. ಅಂಗಡಿಯ ಹಿಂದೆ ಎರಡು ಎಮ್ಮೆ ಕಟ್ಟಿದ್ದವು. ಮುಂದೆ ಟ್ಯಾಂಕರ್ ನೀರು ತುಂಬಿದ ಪ್ಲಾಸ್ಟಿಕ್ ಡ್ರಮ್. ಡ್ಯಾಮ್ ಇನ್ನೂರು ಹೆಜ್ಜೆ ದೂರದಲ್ಲಿದೆ, ಎಮ್ಮೆಗೆ ಟ್ಯಾಂಕರ್ ನೀರು. ಅಂದರೆ ಅಲ್ಲಿ ಎಲ್ಲರಿಗೂ ಗೊತ್ತಿತ್ತು. ಪ್ರತಿ ಭಾನುವಾರ ಅಲ್ಲೇ ಚಹಾ ಕುಡಿಯುವ ಇವರಿಗೆ ಗೊತ್ತಿರಲಿಲ್ಲ ಅಂದರೆ ನಾನು ನಂಬುವುದಿಲ್ಲ.

ರಾತ್ರಿ ನನಗೆ ಸ್ವಿಮ್‌ಸೂಟಿನ ಪಟ್ಟಿ ಇದ್ದ ಜಾಗಕ್ಕೆ ಸರಿಯಾಗಿ ಕೆಂಪು ದದ್ದು ಎದ್ದಿತು. ಭುಜ, ಕುತ್ತಿಗೆ, ತೊಡೆಯ ಸುತ್ತ. ಬಟ್ಟೆಯ ಕೆಳಗೆ ಆ ಕಣ ಸಿಕ್ಕಿಕೊಂಡು ಉಜ್ಜಿದರೆ ಹೀಗೇ ಆಗುತ್ತದಂತೆ. ಕಣ್ಣು ಉರಿ. ಮಗನಿಗೆ ಹೊಟ್ಟೆನೋವು, ವಾಂತಿ, ಭೇದಿ, ಜ್ವರ. ಸೋಮವಾರ ಡಾಕ್ಟರ್ ಹತ್ತಿರ ಹೋದಾಗ ಅವರು ಮೊದಲು ಕೇಳಿದ್ದೇ "ನೀರಿನ ಬಣ್ಣ ಹೇಗಿತ್ತು?" ಅಂತ. ಟವೆಲಿನ ಫೋಟೋ ತೋರಿಸಿದೆ. ಲಿವರ್ ಪರೀಕ್ಷೆಗೆ ರಕ್ತ ತೆಗೆಸಿದರು. ಇಂಥ ಹಸಿರು ನೀರಿನ ಪಾಚಿಯಲ್ಲಿ ವಿಷ ಇರಬಹುದು, ಅದಕ್ಕೆ ಅಂತ ಬೇರೆ ಔಷಧಿ ಇಲ್ಲ, ನೀರು, ಓಆರ್‌ಎಸ್ ಕೊಡುತ್ತಾ ನೋಡಿಕೊಳ್ಳಬೇಕು ಅಂದರು. ರಿಪೋರ್ಟ್ ಬರುವವರೆಗೆ ನನ್ನ ಜೀವ ನನ್ನ ಕೈಯಲ್ಲಿರಲಿಲ್ಲ. ದೇವರ ದಯ, ಲಿವರ್ ಸರಿಯಾಗಿತ್ತು.

ಈಗ ಆ ಮನುಷ್ಯನ ಉತ್ತರಗಳನ್ನು ಕೇಳಿ. ಎಲ್ಲ ವಾಟ್ಸಾಪಿನಲ್ಲಿ ಇವೆ.

ಮೊದಲ ದಿನ: "ಪೋಹೆ ತಿಂದು ಆಗಿರಬೇಕ್ರಿ." ಪೋಹೆ ಅವರದೇ! ನಮ್ಮ ದುಡ್ಡಿನಲ್ಲಿ ಅವರೇ ಕೊಟ್ಟ ಪೋಹೆ.

ಎರಡನೇ ದಿನ: "ನಿಮ್ಮ ಸ್ಕಿನ್ ಸೆನ್ಸಿಟಿವ್ ಐತಿ ಅಕ್ಕಾರ. ಉಳಿದ ಹದಿಮೂರು ಮಂದಿಗೆ ಏನೂ ಆಗಿಲ್ಲ."

ಸುಳ್ಳು. ಗುಂಪಿನಲ್ಲಿ ನಾನು ಬರೆದ ಮೆಸೇಜನ್ನು ಹತ್ತು ನಿಮಿಷದಲ್ಲಿ ಅಳಿಸಿದರು. ಆಮೇಲೆ ಅಡ್ಮಿನ್ ಬಿಟ್ಟು ಯಾರೂ ಬರೆಯದ ಹಾಗೆ ಮಾಡಿದರು. ಆದರೆ ಆ ಹತ್ತು ನಿಮಿಷದಲ್ಲಿ ಓದಿದ ಇಬ್ಬರು ನನಗೆ ಬೇರೆಯಾಗಿ ಫೋನ್ ಮಾಡಿದರು. ಒಬ್ಬರ ಮಗಳಿಗೆ ಮೈಯೆಲ್ಲ ದದ್ದು. ಇನ್ನೊಬ್ಬರಿಗೆ ಎರಡು ದಿನ ಭೇದಿ, ಆಫೀಸಿಗೆ ರಜೆ. ಅವರಿಬ್ಬರಿಗೂ ಇದೇ ಉತ್ತರ ಹೋಗಿತ್ತು, ಉಳಿದ ಹದಿಮೂರು ಮಂದಿಗೆ ಏನೂ ಆಗಿಲ್ಲ ಅಂತ. ಒಬ್ಬೊಬ್ಬರಿಗೂ ನೀವೊಬ್ಬರೇ ಅಂತ ಹೇಳಿದ್ದಾರೆ.

ಮೂರನೇ ದಿನ ನೀರಿನ ಟೆಸ್ಟ್ ರಿಪೋರ್ಟ್ ಕೇಳಿದೆ. ತಕ್ಷಣ ಪಿಡಿಎಫ್ ಬಂತು. ಲ್ಯಾಬಿನ ಸೀಲು, ಸಹಿ ಎಲ್ಲ ಇದೆ. ಒಂದು ನಿಮಿಷ ನಾನೇ ತಪ್ಪೇನೋ ಅನಿಸಿತು. ಆಮೇಲೆ ದೊಡ್ಡದು ಮಾಡಿ ನೋಡಿದೆ. ತಾರೀಖು ಎರಡು ವರ್ಷ ಹಿಂದಿನದು. ಸ್ಯಾಂಪಲ್ ಎಲ್ಲಿಯದು ಅನ್ನುವಲ್ಲಿ "ಬೋರ್‌ವೆಲ್" ಅಂತ ಇತ್ತು. ಯಾವುದೋ ಕ್ಯಾಂಪಿನ ಕುಡಿಯುವ ನೀರಿನದು! ಅದನ್ನು ಕೇಳಿದ್ದಕ್ಕೆ ಉತ್ತರ: "ಎಲ್ಲಾ ಒಂದ ಏರಿಯಾದ ನೀರ ಅಲ್ಲೇನ್ರಿ?"

ದುಡ್ಡು ವಾಪಸ್ ಕೇಳಿದರೆ "ರೀಫಂಡ್ ಇಲ್ಲ, ಮುಂದಿನ ಬ್ಯಾಚಿಗೆ ಅಡ್ಜಸ್ಟ್ ಮಾಡ್ತೀನಿ" ಅಂದರು. ಅದೇ ನೀರಿಗೆ! ಕೊನೆಗೆ "ನೀವು ಫಾರ್ಮಿಗೆ ಸಹಿ ಮಾಡೀರಿ" ಅಂದರು. ಹೌದು, ಮಾಡಿದ್ದೆ. ಬೆಳಗ್ಗೆ ಐದಕ್ಕೆ, ಕತ್ತಲಲ್ಲಿ, ಕಾರಿನ ಬಾನೆಟ್ ಮೇಲೆ ಇಟ್ಟು. 3,000 ರೂಪಾಯಿ ಹೋದರೆ ಹೋಗಲಿ. ಅಕ್ಕಾ ಅಂತ ಕರೆದು ಹೀಗೆ ಮಾಡಿದರಲ್ಲ, ಅದು ಹೋಗುತ್ತಿಲ್ಲ.

ಆಮೇಲೆ ಓದಿ ತಿಳಿದುಕೊಂಡಿದ್ದನ್ನು ಹೇಳುತ್ತೇನೆ. ಮೊದಲೇ ಓದಬೇಕಿತ್ತು. ನೀಲಿ-ಹಸಿರು ಪಾಚಿ ಅನ್ನುವುದು ನಿಜವಾಗಿ ಪಾಚಿಯೇ ಅಲ್ಲ, ಬ್ಯಾಕ್ಟೀರಿಯಾ. ಸಯನೋಬ್ಯಾಕ್ಟೀರಿಯಾ ಅಂತಾರೆ. ಊರಿನ ಕೊಳಚೆ, ಹೊಲದ ಗೊಬ್ಬರ ಎಲ್ಲ ಹರಿದು ಬಂದು ನೀರಿನಲ್ಲಿ ಸಾರಜನಕ, ರಂಜಕ ಜಾಸ್ತಿ ಆಗಬೇಕು. ಬಿಸಿಲು ಬೇಕು, ನೀರು ಅಲುಗಾಡದೆ ನಿಂತಿರಬೇಕು. ಆಗ ಸಿಕ್ಕಾಪಟ್ಟೆ ಬೆಳೆಯುತ್ತದೆ. ಇದರಲ್ಲಿ ಮೈಕ್ರೋಸಿಸ್ಟಿಸ್ ಅಂತ ಒಂದು ಜಾತಿ. ಅದರ ಒಳಗೆ ಸಣ್ಣ ಗಾಳಿಚೀಲ ಇರುತ್ತವೆ, ಹಾಗಾಗಿ ರಾತ್ರಿ ಗಾಳಿ ಇಲ್ಲದಿದ್ದರೆ ಮೇಲಕ್ಕೆ ತೇಲಿ ಬಂದು ಬೆಳಗ್ಗೆ ಕೆನೆಯ ಹಾಗೆ ಕಟ್ಟುತ್ತದೆ. ಆಮೇಲೆ ಗಾಳಿ ಬೀಸಿದರೆ ಒಂದೇ ದಂಡೆಗೆ ಹೋಗಿ ಸೇರುತ್ತದೆ. ದೂರದಲ್ಲಿ ನೀಲಿ, ನಮ್ಮ ಕಾಲಡಿ ಹಸಿರು ಯಾಕಿತ್ತು ಅಂತ ಆಗ ತಿಳಿಯಿತು. ಟವೆಲಿನ ನೀಲಿ ಕೂಡ ಅದರದೇ ಬಣ್ಣ, ಆ ಕಣ ಸತ್ತು ಒಡೆದಾಗ ಹೊರಗೆ ಬರುತ್ತದೆ.

ಎಲ್ಲ ಸಲ ವಿಷ ಇರುವುದಿಲ್ಲ. ಆದರೆ ನೋಡಿ ಹೇಳಲು ಯಾರಿಗೂ ಸಾಧ್ಯ ಇಲ್ಲ, ಲ್ಯಾಬ್ ಪರೀಕ್ಷೆಯೇ ಆಗಬೇಕು. ಮೈಕ್ರೋಸಿಸ್ಟಿನ್ ಅನ್ನುವ ಅದರ ವಿಷ ಲಿವರಿಗೆ ಹೊಡೆಯುತ್ತದೆ. ಕುದಿಸಿದರೂ ಹೋಗುವುದಿಲ್ಲ. 2014ರ ಆಗಸ್ಟಿನಲ್ಲಿ ಅಮೆರಿಕದ ಟೊಲೀಡೊ ಊರಿನಲ್ಲಿ ಇದೇ ಕಾರಣಕ್ಕೆ ನಳದ ನೀರು ಕುಡಿಯಬೇಡಿ, ಕುದಿಸಿಯೂ ಕುಡಿಯಬೇಡಿ ಅಂತ ಲಕ್ಷಗಟ್ಟಲೆ ಜನಕ್ಕೆ ಹೇಳಿದ್ದರು. 1996ರಲ್ಲಿ ಬ್ರೆಜಿಲ್‌ನ ಕರುವಾರುನಲ್ಲಿ ಡಯಾಲಿಸಿಸ್‌ಗೆ ಬಳಸಿದ ನೀರಿನಲ್ಲಿ ಈ ವಿಷ ಸೇರಿ ಐವತ್ತಕ್ಕೂ ಹೆಚ್ಚು ರೋಗಿಗಳು ಸತ್ತರು. ಈಜಿದರೆ ಅಷ್ಟಾಗುತ್ತದೆ ಅಂತ ನಾನು ಹೇಳುತ್ತಿಲ್ಲ. ಅದು ನೇರವಾಗಿ ರಕ್ತಕ್ಕೆ ಹೋದದ್ದು. ಆದರೆ "ಸಾದಾ ಹಾವಸಿ" ಅಂದವರಿಗೆ ಇದು ಗೊತ್ತಿರಲಿ.

ನೀವು ಹೋಗುವುದಾದರೆ ಒಂದು ಉದ್ದ ಕಡ್ಡಿ ತೆಗೆದುಕೊಂಡು ನೀರಿನಲ್ಲಿ ಆಡಿಸಿ ನೋಡಿ. ಎಳೆ ಎಳೆಯಾಗಿ ಕೂದಲಿನ ಹಾಗೆ ಸುತ್ತಿಕೊಂಡು ಬಂದರೆ ಅದು ಮಾಮೂಲಿ ಹಾವಸೆ ಇರಬಹುದು. ಬಣ್ಣ ಬಳಿದ ಹಾಗೆ ಕಡ್ಡಿಗೆ ಹತ್ತಿದರೆ ವಾಪಸ್ ಬನ್ನಿ. ದುಡ್ಡು ಕೊಟ್ಟಿದ್ದರೂ ಬನ್ನಿ, ಹದಿನೈದು ಜನ ನಕ್ಕರೂ ಬನ್ನಿ. ಮುಂದಿನ ವಾರ ನೀರು ತಿಳಿಯಾಗಿ ಕಂಡರೂ ಅವಸರ ಮಾಡಬೇಡಿ, ಪಾಚಿ ಸತ್ತ ಮೇಲೆ ವಿಷ ನೀರಿನಲ್ಲಿ ಸ್ವಲ್ಪ ದಿನ ಉಳಿಯುತ್ತದೆ. ಗೊತ್ತಿಲ್ಲದೆ ಇಳಿದುಬಿಟ್ಟರೆ ಕೂಡಲೇ ಬಟ್ಟೆ ಬಿಚ್ಚಿ ಒಳ್ಳೆಯ ನೀರಿನಲ್ಲಿ ಸೋಪು ಹಾಕಿ ಸ್ನಾನ ಮಾಡಿ. ನಾವು ಹಾಗೇ ಒಣಗಿಸಿಕೊಂಡು ಒಂದೂವರೆ ಗಂಟೆ ಕಾರಿನಲ್ಲಿ ಕೂತೆವು. ಸಾಕುನಾಯಿ ಕರೆದುಕೊಂಡು ಹೋಗಲೇಬೇಡಿ, ಅದು ಮೈ ನೆಕ್ಕಿಕೊಂಡು ಎಲ್ಲವನ್ನೂ ನುಂಗುತ್ತದೆ. ಮತ್ತೆ, ಬೋರ್ಡ್ ಇದ್ದಲ್ಲಿ ಇಳಿಯಬೇಡಿ. ಇದನ್ನು ಹೇಳುವ ಮುಖ ನನಗಿಲ್ಲ, ಆದರೂ ಹೇಳುತ್ತೇನೆ.

ಯಾರಾದರೂ ಟಿಡಿಎಸ್ ಮೀಟರ್ ತೆಗೆದರೆ ಅಲ್ಲಿಂದಲೇ ಎದ್ದು ಬನ್ನಿ.

ಈ ಭಾನುವಾರ ಮತ್ತೆ ಬ್ಯಾಚ್ ಇದೆಯಂತೆ. "ಸಮ್ಮರ್ ಸ್ಪೆಷಲ್, ಮಕ್ಕಳಿಗೆ ಅರ್ಧ ರೇಟು" ಅಂತ ಇನ್ನೊಂದು ಕನ್ನಡ ಗುಂಪಿನಲ್ಲಿ ಬಂದಿದೆ. ನಿಮಗೂ ಅಂಥ ಮೆಸೇಜ್ ಬಂದಿದ್ದರೆ, ದುಡ್ಡು ಕಳಿಸುವ ಮುಂಚೆ ನನ್ನನ್ನು ಕೇಳಿ. ಫೋಟೋ ಇದೆ, ಅವರ ಮೆಸೇಜೆಲ್ಲ ಇವೆ. ಟವೆಲನ್ನು ತೊಳೆದಿಲ್ಲ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಇಟ್ಟಿದ್ದೇನೆ. ಬಂದರೆ ತೋರಿಸುತ್ತೇನೆ.