‘ವೇರ್’ ಇರುವ ಪುಟ: ಒಂದು ಇಂಗ್ಲಿಷ್–ಚೀನಿ ನಿಘಂಟಿನ ಜೊತೆ ನಾಲ್ಕು ವರ್ಷ

ಬಾಗಿಲ ಹೊರಗೆ ಬಗ್ಗಿ ನಿಂತು ಒಂದು ಕಾಲಿಗೆ ಶೂ ಏರಿಸುತ್ತಿದ್ದ ಪಕ್ಕದ ಮನೆಯಾಕೆ, ‘ಅಕ್ಕಾ, ವೇಟ್, ಐ ವೇರ್ ಶೂಸ್’ ಎಂದರು. ‘ಅಕ್ಕಾ’ ನಾನು ಕಲಿಸಿದ್ದು. ಉಳಿದ ವಾಕ್ಯ ಕಲಿಸಿದ್ದು ನಾನೇ ತಂದುಕೊಟ್ಟ ನಿಘಂಟು. ನನಗೂ ಆ ಪುಸ್ತಕಕ್ಕೂ ಜಗಳ ಶುರುವಾದದ್ದು ಅವತ್ತೇ.

ನಾವಿರುವುದು ಸಿಂಗಪುರದ ಎಚ್‌ಡಿಬಿ ಫ್ಲ್ಯಾಟಿನಲ್ಲಿ, ಅಂದರೆ ಸರ್ಕಾರಿ ವಸತಿ ಮಂಡಳಿ ಕಟ್ಟಿಸಿದ ಮನೆಯಲ್ಲಿ. ಆಕೆ ಮಗನ ಓದಿಗಾಗಿ ಚೀನಾದಿಂದ ಬಂದವರು. ಹೀಗೆ ಮಕ್ಕಳ ಜೊತೆ ಬಂದಿರುವ ತಾಯಂದಿರನ್ನು ಇಲ್ಲಿ ‘ಪೇಯ್‌ದು ಮಾಮಾ’, ಅಂದರೆ ಓದಿಗೆ ಜೊತೆಯಾದ ಅಮ್ಮ, ಎನ್ನುತ್ತಾರೆ. ಮಾರ್ಕೆಟ್ಟಿನಲ್ಲಿ ಮ್ಯಾಂಡರಿನ್ ಚೀನಿ ಸಾಕು, ಶಾಲೆಯಿಂದ ಬರುವ ಚೀಟಿಗೆ ಇಂಗ್ಲಿಷ್ ಬೇಕು. 2021ರಲ್ಲಿ ಬ್ರಾಸ್ ಬಸಾ ಕಾಂಪ್ಲೆಕ್ಸಿನ ಹಳೆ ಪುಸ್ತಕದಂಗಡಿಯಲ್ಲಿ ಈ ನಿಘಂಟು 9 ಡಾಲರಿಗೆ ಸಿಕ್ಕಿತು. ವರ್ಷವರ್ಷವೂ ಹಣ ಕೇಳುವ ಆ್ಯಪ್ ಇಬ್ಬರ ಮನೆಯ ಲೆಕ್ಕಕ್ಕೂ ಹೊಂದುತ್ತಿರಲಿಲ್ಲ. ಪ್ರಕಾಶಕರ ಹೆಸರು ಬರೆಯುತ್ತಿಲ್ಲ. ನನ್ನದು ಹಳೆಯ ಮುದ್ರಣ, ಹೊಸದರಲ್ಲಿ ತಿದ್ದಿರಬಹುದು.

ರಾತ್ರಿ ಎಂಟೂವರೆಗೆ, ಪಾತ್ರೆ ತೊಳೆದು ಮೇಜು ಒರೆಸಿದ ಮೇಲೆ, ಆಕೆ ಬಿಸಿನೀರಿನ ಫ್ಲಾಸ್ಕ್ ಹಿಡಿದು ಬರುತ್ತಾರೆ. ನನ್ನ ಮುಂದೆ ಒಂದು ಲೋಟ ಮಜ್ಜಿಗೆ. ಬೆನ್ನು ಬಿಟ್ಟುಹೋದ ಪುಸ್ತಕಕ್ಕೆ ಸುತ್ತಿದ ರಬ್ಬರ್ ಬ್ಯಾಂಡ್ ಬಿಚ್ಚಿ ಆಕೆ ತಮ್ಮ ಮಣಿಕಟ್ಟಿಗೆ ಹಾಕಿಕೊಳ್ಳುತ್ತಾರೆ. ದಿನಕ್ಕೆ ಒಂದೇ ಕ್ರಿಯಾಪದ. ಆಕೆ ಗಟ್ಟಿಯಾಗಿ ಓದಿ, ಪುಸ್ತಕ ಮುಚ್ಚಿ, ಅವತ್ತು ನಡೆದದ್ದನ್ನೇ ಇಟ್ಟುಕೊಂಡು ಮೂರು ವಾಕ್ಯ ಹೇಳಬೇಕು. ನನ್ನ ದಿನದಲ್ಲಿ ನನಗೆ ತುಂಬ ಇಷ್ಟವಾದ ಹೊತ್ತು ಅದು.

ಇನ್ನು ದೋಷಕ್ಕೆ ಬರುತ್ತೇನೆ. ಈ ನಿಘಂಟಿನಲ್ಲಿ ‘ವೇರ್’ ಎದುರಿಗೆ ‘ಚುವಾನ್, ದಾಯ್’ ಎಂದಿದೆ. ‘ಪುಟ್ ಆನ್’ ಎದುರಿಗೂ ಅವೇ ಎರಡು. ಇಂಗ್ಲಿಷಿನಲ್ಲಿ ಶೂ ಕಾಲಿಗೆ ಏರಿಸುವ ಕೆಲಸ ‘ಪುಟ್ ಆನ್’, ಏರಿಸಿದ ಮೇಲೆ ಅದು ಕಾಲಲ್ಲಿರುವುದು ‘ವೇರ್’. ಚೀನಿ ಭಾಷೆಗೆ ಈ ವ್ಯತ್ಯಾಸ ಗೊತ್ತಿಲ್ಲವೆಂದಲ್ಲ. ‘ಚುವಾನ್’ ಆದಮೇಲೆ ‘ಷಾಂಗ್’ ಸೇರಿದರೆ ಹಾಕಿಕೊಳ್ಳುವ ಕೆಲಸ, ‘ಜ’ ಸೇರಿದರೆ ಹಾಕಿಕೊಂಡಿರುವ ಸ್ಥಿತಿ. ನಮ್ಮಲ್ಲೂ ‘ಹಾಕಿಕೊ’, ‘ಹಾಕಿಕೊಂಡಿರು’ ಹೀಗೇ ತಾನೆ! ಒಂದೇ ಒಂದು ಅಕ್ಷರ ಹೆಚ್ಚು ಅಚ್ಚು ಮಾಡಿದ್ದರೆ ಸಾಕಿತ್ತು. ಅದಿಲ್ಲದ್ದಕ್ಕೆ ಆಕೆ ಎರಡು ವರ್ಷ ತಪ್ಪು ಹೇಳಿದರು. ಆ ತಪ್ಪನ್ನು ಶಾಲೆಯ ಗೇಟಿನಲ್ಲಿ ಬೇರೊಬ್ಬ ತಾಯಿ ಎಲ್ಲರ ಮುಂದೆ ತಿದ್ದಿದಳಂತೆ. ಆ ರಾತ್ರಿ ಆಕೆ ಓದಲು ಬರಲಿಲ್ಲ.

ಗೊಂದಲ ಅಷ್ಟಕ್ಕೇ ಮುಗಿಯಲಿಲ್ಲ. ಆಗ ರೈಲಿನಲ್ಲೆಲ್ಲ ಮಾಸ್ಕ್ ಕಡ್ಡಾಯ, 2023ರ ಫೆಬ್ರವರಿವರೆಗೂ. ‘ವೇರ್ ಎ ಮಾಸ್ಕ್’ ಎಂದು ಬರೆದಿರುತ್ತಾರಲ್ಲ, ಅದು ಹಾಕಿಕೊಳ್ಳಿ ಎಂದಲ್ಲವೇ, ಎಂದು ಆಕೆ ಕೇಳಿದರು. ಇಳಿಯುವವರೆಗೂ ಮುಖದ ಮೇಲಿರಲಿ ಎಂಬುದು ಅದರ ಅರ್ಥ, ಈಗಲೇ ಹಾಕಿಕೊ ಎನ್ನಲು ‘ಪುಟ್ ಆನ್’ ಎಂದು ವಿವರಿಸಿದೆ. ನಿಘಂಟಿನಲ್ಲಿ ಇದರ ಸುಳಿವೂ ಇಲ್ಲ.

ಆದರೆ ಅದೇ ಪುಟದ ಕೆಳಭಾಗ ನನ್ನ ಸಿಟ್ಟನ್ನು ಇಳಿಸಿತು. ಆಕೆಯ ಮಗನ ಹಲ್ಲು ಕೀಳುವಾಗ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟಿದ್ದರು. ಅದು ಸ್ವಲ್ಪ ಹೊತ್ತಿಗೆ ‘ವೇರ್ ಆಫ್’ ಆಗುತ್ತದೆ ಎಂದು ಡಾಕ್ಟರ್ ಹೇಳಿ ಕಳಿಸಿದರಂತೆ. ಏನನ್ನು ತೊಡಿಸಬೇಕು, ಏನನ್ನು ಬಿಚ್ಚಬೇಕು ಎಂದು ತಿಳಿಯದೆ ಆಕೆ ಗಾಬರಿಯಾಗಿ ನಮ್ಮ ಬಾಗಿಲು ಬಡಿದರು. ನಿಘಂಟು ತೆಗೆದೆವು. ಔಷಧದ ಪರಿಣಾಮ ಮೆಲ್ಲಗೆ ಇಳಿಯುವುದು ಎಂಬ ಅರ್ಥ, ಅದಕ್ಕೊಂದು ಉದಾಹರಣೆ, ಎರಡೂ ಇದ್ದವು. ಓದುತ್ತಿದ್ದಂತೆ ಆಕೆಯ ಹೆಗಲು ಸಡಿಲವಾದದ್ದನ್ನು ಕಣ್ಣಾರೆ ಕಂಡೆ. ಅದರ ಕೆಳಗೇ ‘ವೇರ್ ಔಟ್’: ಬಟ್ಟೆ ಹರಿಯುವುದು, ಚಪ್ಪಲಿ ಸವೆಯುವುದು, ಮನುಷ್ಯ ಸುಸ್ತಾಗುವುದು. ಮೊದಲ ಸಾಲು ಬರೆದವರೇ ಇದನ್ನೂ ಬರೆದರೇ ಎಂಬಷ್ಟು ಅಚ್ಚುಕಟ್ಟು.

ನಾನು ಎಣಿಸಿರದ ಸಂತೋಷ ಸಿಕ್ಕಿದ್ದು ಪುಟದ ಅಂಚಿನಲ್ಲಿ. ಇಂಗ್ಲಿಷಿಗೆ ಒಂದು ‘ವೇರ್’ ಸಾಕು. ಚೀನಿಯಲ್ಲಿ ಅಂಗಿ, ಕಾಲುಚೀಲ, ಶೂಗಳಿಗೆ ‘ಚುವಾನ್’. ಸೂಜಿಗೆ ದಾರ ಪೋಣಿಸುವುದಕ್ಕೂ ಅದೇ ಮಾತು. ಟೋಪಿ, ಕನ್ನಡಕ, ಉಂಗುರಗಳಿಗೆ ‘ದಾಯ್’. ಸೆಂಟಿಗೆ ‘ಪೆನ್’, ಅಂದರೆ ಸಿಂಪಡಿಸು. ಗಡ್ಡಕ್ಕೆ ‘ಲಿಯು’, ನಾವು ಗಡ್ಡ ಬಿಡುವ ಹಾಗೆ. ಆಕೆ ಇವನ್ನೆಲ್ಲ ಪೆನ್ಸಿಲಿನಲ್ಲಿ ಬರೆದಾಗ ನಾನೂ ಪಕ್ಕದಲ್ಲಿ ನಮ್ಮವನ್ನು ಬರೆದೆ: ಸೀರೆ ಉಡು, ಬಳೆ ತೊಡು, ಶಾಲು ಹೊದೆ, ಪೇಟ ಸುತ್ತು, ಕುಂಕುಮ ಇಡು. ವರಮಹಾಲಕ್ಷ್ಮಿ ಹಬ್ಬಕ್ಕೆ ಸೆರಂಗೂನ್ ರಸ್ತೆಯಿಂದ ಮಲ್ಲಿಗೆ ತಂದಿದ್ದೆ. ಅದನ್ನು ನೋಡಿ ಆಕೆ, ಹೂವಿಗೆ ನಮ್ಮಲ್ಲಿ ‘ದಾಯ್’, ನಿಮ್ಮಲ್ಲೇನು ಎಂದರು. ‘ಮುಡಿ’ ಎಂದೆ. ಹೂವಿಗೆಂದೇ ಒಂದು ಕ್ರಿಯಾಪದವೇ ಎಂದು ಮೂರು ಸಲ ಹೇಳಿಸಿಕೊಂಡರು. ನಾನು ನೂರಾರು ಸಲ ಆಡಿದ ಮಾತು ಅದು. ಅದರ ಅಂದ ನನಗೂ ಅವತ್ತೇ ಕಂಡಿತು.

ಕೊಳ್ಳಬೇಕೇ? ಪಕ್ಕದಲ್ಲಿ ಕೂತು ತಿದ್ದುವವರಿದ್ದರೆ ಕೊಳ್ಳಿ, 9 ಡಾಲರಿಗೆ ಖಂಡಿತ ಮೋಸವಿಲ್ಲ. ಒಬ್ಬರೇ ಕಲಿಯುವವರಿಗೆ ನಾನು ಹೇಳುವುದಿಲ್ಲ. ಯಾವುದೇ ಇಂಗ್ಲಿಷ್–ಚೀನಿ ನಿಘಂಟು ಕೊಳ್ಳುವ ಮುಂಚೆ ಅಂಗಡಿಯಲ್ಲೇ ‘ವೇರ್’, ‘ಪುಟ್ ಆನ್’ ಎರಡನ್ನೂ ತೆಗೆದು ನೋಡಿ. ಎರಡಕ್ಕೂ ಒಂದೇ ಅರ್ಥ ಕೊಟ್ಟಿದ್ದರೆ ವಾಪಸ್ ಇಡಿ.

ಈ ವಾರ ‘ಬಾರೋ’, ‘ಲೆಂಡ್’ಗೆ ಬಂದಿದ್ದೇವೆ. ಕಡ ತರುವುದಕ್ಕೂ ಕಡ ಕೊಡುವುದಕ್ಕೂ ಮ್ಯಾಂಡರಿನ್‌ನಲ್ಲಿ ‘ಜಿಯೆ’ ಒಂದೇ. ಪೆನ್ಸಿಲ್ ಹೆರೆದು ಇಟ್ಟಿದ್ದೇನೆ.